ಕ್ಯಾರಲ್‌ನವರಿಗೆ ಹೇಳಿದ ಸುಳ್ಳು

ಪ್ರೀತಿಯ ಬ್ಯೂಲಾ,

ಸೊಸೆಯೆಂದು ಬರೆಯುವ ಹಕ್ಕು ಕೋರ್ಟಿನಲ್ಲೇ ಮುಗಿಯಿತು, ಹಾಗಾಗಿ ಬರೀ ಹೆಸರು ಬರೆದಿದ್ದೇನೆ. ನಾನೇ ಕಲಿಸಿದ ಕನ್ನಡ ಅಕ್ಷರಗಳಿವು, ಕೂಡಿಸಿಕೊಂಡು ನಿಧಾನವಾಗಿ ಓದು. ಒಂದು ತಪ್ಪು ಒಪ್ಪಿಕೊಳ್ಳುವುದಿದೆ.

ನೀನು ಈ ಮನೆಗೆ ಬಂದ ಮೊದಲ ಡಿಸೆಂಬರಿನಲ್ಲಿ ನಿಮ್ಮ ಚರ್ಚಿನ ಕ್ಯಾರಲ್‌ನವರು ಗಿಟಾರು, ಡ್ರಮ್ಮು, ಕ್ರಿಸ್ಮಸ್ ತಾತನ ಸಮೇತ ನಮ್ಮ ಮೆಟ್ಟಿಲೇರಿದಾಗ ನಾನು ದೇವರಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದೆ. ಮರುವರ್ಷ ತಡೆಯಲಾಗಲಿಲ್ಲ. ಹಾಡಿ ಗಂಟಲು ಒಣಗಿದವರಿಗೆ ಒಣ ಕೇಕು ಕೊಡುವುದೆಂಥದು? "ಸ್ವಲ್ಪ ನಿಲ್ಲಿ ಮಾರಾಯ್ರೆ" ಎಂದು ಕಷಾಯ ಕಾಯಿಸಿದೆ, ಗೋಳಿಬಜೆ ಕರಿದೆ. ತಾತನ ಹತ್ತಿಯ ಗಡ್ಡಕ್ಕೆ ಚಟ್ನಿ ಮೆತ್ತಿತು. ಅಲ್ಲಿಂದ ಅವರು ಅಣ್ಣಾ ನಗರದಲ್ಲಿ ನಮ್ಮ ಮನೆಯನ್ನು ಕೊನೆಗೇ ಇಟ್ಟುಕೊಂಡರು, ತಿನ್ನಲು ಪುರುಸೊತ್ತು ಬೇಕಲ್ಲ. "ಅತ್ತೆ, ಇದು ಕ್ರಿಸ್ಮಸ್ಸಾ, ಗೋಳಿಬಜೆ ಪಂಡಿಗೈಯಾ?" ಎಂದು ಹಬ್ಬಕ್ಕೆ ನಿಮ್ಮ ತಮಿಳು ಮಾತು ಸೇರಿಸಿ ನೀನು ನಗುತ್ತಿದ್ದೆ.

ನೀನು ತಾಂಬರಂಗೆ, ತಾಯಿಮನೆಗೆ ಹೊರಟುಹೋದ ಆ ಡಿಸೆಂಬರಿನಲ್ಲಿ ಹಿಟ್ಟು ಕಲಸಿಟ್ಟು, ಬಾಗಿಲು ತೆರೆದು ಕೂತಿದ್ದೆ. ಪಕ್ಕದ ಬೀದಿಯಲ್ಲಿ ಡ್ರಮ್ಮು ಕೇಳಿಸಿತು. ಆಮೇಲೆ ಅದೂ ನಿಂತಿತು. ನಮ್ಮ ಮನೆಗೆ ಯಾರೂ ಬರಲಿಲ್ಲ.

ಕಳೆದ ವರ್ಷ ನಾನೇ ಚರ್ಚಿನ ಆಫೀಸಿಗೆ ಹೋದೆ. ಹಾಡಲು ಹೋಗುವ ಮನೆಗಳ ಪಟ್ಟಿ ಹಿಡಿದಿದ್ದವರು ಯಾರ ಹೆಸರು ಬರೆಯಲಿ ಎಂದರು. ನನ್ನ ಹೆಸರು ಸರಸ ಎಂದರೆ ಯಾರು ಬರುತ್ತಾರೆ? ನಿನ್ನ ಹೆಸರು ಹೇಳಿದೆ. "ಬ್ಯೂಲಾ ತಿರುಂಬಿ ವಂದಾಚ್ಚಾ?" ಎಂದು ಅವರ ಮುಖ ಅರಳಿತು. ಹೌದು, ವಾಪಸ್ ಬಂದಿದ್ದಾಳೆ ಎಂದುಬಿಟ್ಟೆ.

ಬಂದರು, ಹಾಡಿದರು. "ಬ್ಯೂಲಾ ಅಕ್ಕಾ ಎಂಗೆ?" ಎಂದು ಒಬ್ಬಳು ನಿನ್ನನ್ನು ಹುಡುಕುತ್ತಾ ಕೇಳಿದಳು. ಒಳಗೆ ಬಜೆ ಕರಿಯುತ್ತಿದ್ದಾಳೆ ಎಂದೆ. ಅಡುಗೆಮನೆಗೆ ಹೋಗಿ ಬಾಣಲೆಯಿಂದ ಬಜೆ ತೆಗೆದೆ. ನಿನ್ನನ್ನು ಅಷ್ಟು ನೆನೆದದ್ದು ಬೇರೆ ಯಾವತ್ತೂ ಇಲ್ಲ. ಕಣ್ಣೊರೆಸಿಕೊಂಡು, ನೀನೇ ಕೊಟ್ಟು ಕಳಿಸಿದ ಹಾಗೆ ತಟ್ಟೆ ತಂದಿಟ್ಟೆ.

ಈ ಹತ್ತೊಂಬತ್ತಕ್ಕೆ ಸಂಜೆ ಏಳು ಗಂಟೆಗೆ ಮತ್ತೆ ಬರುತ್ತಾರಂತೆ. ನಿನ್ನ ಹೆಸರು ನಿನ್ನದು, ತೆಗೆಸಿ ಎಂದರೆ ಪಟ್ಟಿಯಿಂದ ತೆಗೆಸುತ್ತೇನೆ. ಇಲ್ಲವಾದರೆ ಒಮ್ಮೆ ಬಾ. ನನ್ನ ಮಗ ಮಿಥುನ್ ಆ ಹೊತ್ತಿಗೆ ಪುರಸೈವಾಕ್ಕಂನ ಹೋಟೆಲಿನಲ್ಲಿರುತ್ತಾನೆ. ನೀನು ಹೊರಗೆ ಬಂದು ಯಾರಿಗೂ ಮುಖ ತೋರಿಸಬೇಕಾಗಿಲ್ಲ. ಒಲೆಯ ಮುಂದೆ ನಿಂತು ಒಂದು ಬಾಣಲೆ ಕರಿದುಕೊಡು, ಸಾಕು. ಕೇಳಿದವರಿಗೆ ನಾನು ಕಳೆದ ವರ್ಷದ ಮಾತನ್ನೇ ಹೇಳುತ್ತೇನೆ.

ನಿನ್ನ ಯೇಸುವೂ ನನ್ನ ಕೃಷ್ಣನೂ ಸೇರಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಂತಿ,
ಕೋರ್ಟು ಏನೇ ಹೇಳಲಿ, ನಿನ್ನ ಅತ್ತೆ
ಸರಸ