ಚಿನ್ನದ ಪಕ್ಕದ ಮನೆ

ಮನೆಯಿಂದ,
ಡಿಸೆಂಬರ್ ೯, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ನಿಮ್ಮ ಮಂಡಿನೋವು ಹೇಗಿದೆ? ಶಾಲೆಯ ಮಹಡಿ ಹತ್ತಬೇಡಿ ಎಂದರೆ ನೀವು ಕೇಳುವವರಲ್ಲ. ಊರ ಮಕ್ಕಳಿಗೆಲ್ಲ ವಿಜ್ಞಾನ ಹೇಳಿಕೊಡುವ ಟೀಚರಮ್ಮನಿಗೆ ಬುದ್ಧಿ ಹೇಳುವವರು ಯಾರು? ಇಲ್ಲಿ ಮಗು ಚೆನ್ನಾಗಿದ್ದಾಳೆ ಎಂದು ಬರೆಯಹೊರಟೆ, ಯಾಕೋ ಪೆನ್ನು ತಡೆಯಿತು. ಸುಮ್ಮಸುಮ್ಮನೆ ರಚ್ಚೆ ಹಿಡಿಯುತ್ತಾಳೆ, ಹಾಲು ಕುಡಿಯಲೊಲ್ಲಳು. ಹಲ್ಲು ಬರುತ್ತಿರಬೇಕು ಎನ್ನುತ್ತಾರೆ ನಿಮ್ಮ ತಮ್ಮ.

ಅವರಿಗೀಗ ಕೈತುಂಬ ಕೆಲಸ. ದೊಡ್ಡ ಹೋಟೆಲಿನವರು ಹಿತ್ತಾಳೆಯ ದೀಪಗಳಿಗೆಲ್ಲ ಚಿನ್ನದ ಮುಲಾಮು, ಅದೇ ಗಿಲೀಟು, ಹಾಕಿಸುತ್ತಿದ್ದಾರೆ. "ಕರೆಂಟಿನ ಮುಲಾಮು ಮುಲಾಮೇ ಅಲ್ಲ ಕಣೇ, ಬರೀ ಬಣ್ಣ" ಎಂದು ಅವರ ಹಳೆಯ ಜಂಬ. ಚಿನ್ನವನ್ನು ಪಾದರಸದಲ್ಲಿ ಅರೆದು, ಬೆಳ್ಳಿಬಣ್ಣದ ಬೆಣ್ಣೆಯಂತೆ ಮಾಡಿ, ಹಿತ್ತಾಳೆಗೆ ಸವರಿ ಕಾಯಿಸಬೇಕು. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಕಚ್ಚಿಕೊಳ್ಳುತ್ತದೆ. ಇಷ್ಟು ದಿನ ಹಿತ್ತಲಿನಲ್ಲಿ ಕಾಯಿಸುತ್ತಿದ್ದರು. ಗಾಳಿಗೆ ಉರಿ ನಿಲ್ಲದೆ ಚಿನ್ನ ಮಚ್ಚೆಮಚ್ಚೆಯಾಗುತ್ತದೆ ಎಂದು ಈಗ ಒಲೆಯನ್ನು ಒಳಕೋಣೆಗೆ ತಂದು, ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದಾರೆ.

ನೀವು ಅಡುಗೆಮನೆ ಬಾಗಿಲಿಗೆ ಅಂಟಿಸಿದ ಆವರ್ತಕ ಕೋಷ್ಟಕ ಹಾಗೇ ಇದೆ. ಚಿನ್ನದ ಪಕ್ಕದ ಮನೆಯೇ ಪಾದರಸದ್ದು, ಒಂದೇ ಒಂದು ಪ್ರೋಟಾನ್ ಹೆಚ್ಚು ಎಂದು ತೋರಿಸಿದ್ದಿರಿ. ಇವರಿಗೆ ಹೇಳಿದರೆ, "ಪಕ್ಕದ ಮನೆಯವರು ಬರ್ತಾರೆ, ಕೆಲಸ ಮುಗಿಸಿ ಹೋಗ್ತಾರೆ, ನಿನಗೇನು ಕಷ್ಟ?" ಎಂದು ನಕ್ಕರು. ನಕ್ಕಾಗ ಒಸಡಿನಲ್ಲಿ ರಕ್ತ ಕಂಡಿತು. ಲೋಟ ಹಿಡಿದರೆ ಕಾಫಿ ತುಳುಕುತ್ತದೆ. ನನ್ನನ್ನು ಎಂದೂ ಗದರದವರು ಮೊನ್ನೆ ಚಮಚ ಬಿದ್ದ ಸದ್ದಿಗೆ ಹರಿಹಾಯ್ದು, ಆಮೇಲೆ ಮೂಲೆಯಲ್ಲಿ ಕೂತು ಅತ್ತರು. ನನಗೆ ಭಯವಾಗುತ್ತಿದೆ, ಅತ್ತಿಗೆ.

ವಸ್ತು ನಾಶವಾಗುವುದಿಲ್ಲ, ಶಾಖ ಕೊಟ್ಟರೆ ರೂಪ ಬದಲಿಸುತ್ತದೆ ಅಷ್ಟೇ ಎಂದವರು ನೀವೇ ಅಲ್ಲವೇ? ಹಾಗಾದರೆ ಶೀಶೆಗಟ್ಟಲೆ ಪಾದರಸ ಎಲ್ಲಿಗೆ ಹೋಯಿತು? ಕೇಳಿದರೆ "ಹೋಯ್ತು ಅಂದ್ರೆ ಹೋಯ್ತು" ಎನ್ನುತ್ತಾರೆ. ನೀವೊಂದು ಪತ್ರ ಬರೆದು ಚೆನ್ನಾಗಿ ಬೈಯಿರಿ. ಅಕ್ಕನ ಮಾತಿಗೆ ಮಾತ್ರ ಅವರು ತಲೆ ತಗ್ಗಿಸುವುದು. ಬಿಡುವಾದಾಗ ಬರೆದರೆ ಸಾಕು, ಅವಸರವೇನಿಲ್ಲ.

ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ಮನೆಯಲ್ಲಿ ಹಿರಿಯರಿಗೆ ನನ್ನ ನಮಸ್ಕಾರ, ಕಿರಿಯರಿಗೆ ಮುತ್ತು.

ನಿಮ್ಮ ಬಾಯಿಬಡುಕಿ

ತಾ.ಕ.: ಅವಸರವಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕಿ. ಮಗು ನೋಡಿ ನಗಲೆಂದು ತೊಟ್ಟಿಲ ಹಗ್ಗಕ್ಕೆ ನನ್ನ ಉಂಗುರ ಕಟ್ಟಿದ್ದೆ. ಈಗ ನೋಡಿದರೆ ಅಪ್ಪಟ ಚಿನ್ನ ಬೆಳ್ಳಿಯ ಹಾಗೆ ಬಿಳಿಚಿಕೊಂಡಿದೆ, ಉಜ್ಜಿದರೂ ಹೋಗುತ್ತಿಲ್ಲ. ತೊಟ್ಟಿಲಿರುವುದು ನಡುಮನೆಯಲ್ಲಿ, ಆ ಕೋಣೆಯಲ್ಲಲ್ಲ. ಮಗುವನ್ನು ಎತ್ತಿಕೊಂಡು ಎದುರುಮನೆಯ ಟೈಲರಮ್ಮನ ಬಳಿ ಬಂದಿದ್ದೇನೆ. ಪತ್ರವನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಡಾಕ್ಟರನ್ನು ಕರೆದುಕೊಂಡು ಅದೇ ಬಸ್ಸಿಗೆ ಬಂದುಬಿಡಿ. ಇವರು ಒಳಗಿನಿಂದ ಚಿಲಕ ಹಾಕಿಕೊಂಡು ಒಲೆ ಹೊತ್ತಿಸಿದ್ದಾರೆ. ಎಷ್ಟು ಬಡಿದರೂ ಒಂದೇ ಮಾತು: "ಬಾಗಿಲು ತೆಗೆಯೋಲ್ಲ ಕಣೇ, ಗಾಳಿ ಬರುತ್ತೆ."