ನೀರು ಮುಟ್ಟದ ಸೊಸೆಗೆ

“ಇನ್ನೂ ಎರಡು ತಿಂಗಳಿದೆ, ಈಗ್ಲೇ ಯಾಕೆ ಹೊಟ್ಟೆ ಹೀಗೆ ಬಿಗಿಯುತ್ತೆ?” ಬಚ್ಚಲ ಗೋಡೆಯನ್ನು ನೀನು ಕೇಳಿದ್ದು ನನಗೆ ಕೇಳಿಸಿತು, ಮಗಳೇ. ದೇವರ ಮುಂದೆ ಹೇಳುತ್ತಿದ್ದ ಪದ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಇಸ್ತ್ರಿ ಅಂಗಡಿಯಲ್ಲಿ ಕಕ್ಕಸಿಲ್ಲವೆಂದು ದಿನವಿಡೀ ನೀರು ಮುಟ್ಟದೆ ನಿಂತೇ ದುಡಿಯುತ್ತೀಯ. “ಹೀಗೇ ಮಾಡ್ತಿದ್ರೆ ದಿನ ತುಂಬೋ ಮೊದ್ಲೇ ಹೆರಿಗೆ ಆಗ್ಬಿಡಬಹುದು” ಎಂದು ನರ್ಸಮ್ಮ ನನಗೆ ಹೇಳಿದ್ದರು. ಗದರಿದರೆ ಅತ್ತೆ ಕಾಟ ಅಂದುಕೊಂಡೀಯೆಂದು ನಾನು ತುಟಿ ಬಿಚ್ಚಲಿಲ್ಲ. ದೇವರು ನನ್ನನ್ನು ಕ್ಷಮಿಸಲಿ.

ಈಗಷ್ಟೇ ನಿನಗೆ ನಿದ್ದೆ ಹತ್ತಿದೆ. ಆಸ್ಪತ್ರೆಗೆ ಹೋಗಲು ಗಾಡಿ ತರುತ್ತೇನೆ. ಎಚ್ಚರವಾದರೆ ದಿಂಬಿನ ಬಳಿಯ ಚೊಂಬಿನ ನೀರು ಕುಡಿ. ಪಕ್ಕದ ಮನೆಯಾಕೆ ಬಾಗಿಲಲ್ಲೇ ಕೂತಿದ್ದಾಳೆ, ನೋವು ಬಂದರೆ ಕೂಗು. ಏಳಬೇಡ, ನಮ್ಮಮ್ಮ ಅಲ್ವಾ.

“ಇವತ್ತೊಂದಿನ ಅಂಗಡಿಗೆ ಕಳ್ಸಿ ಅತ್ತೆ, ಬಟ್ಟೆ ರಾಶಿ ಬಿದ್ದಿದೆ” ಅಂದೆಯಲ್ಲ. ಕಳಿಸುವುದಿಲ್ಲ.