ಒತ್ತಡದ ಮಾಪಕ

ಮುನಿರ್ಕಾ, ದೆಹಲಿ, ಮಾರ್ಚ್ ೨೦೦೬

ಭವ್ಯಶ್ರೀ,

ಇವತ್ತು ಲ್ಯಾಬಿನಲ್ಲಿ ಗೈಡ್ ನಿನ್ನ ಪ್ರಬಂಧವನ್ನು ಎಲ್ಲರೆದುರು ಓದಿದರು. ವೇಗದ ಹೈಡ್ರೋಜನ್ ಪರಮಾಣು ಸಾರಜನಕದ ಅಣುವಿಗೆ ಢಿಕ್ಕಿ ಹೊಡೆದಾಗ ಎಲೆಕ್ಟ್ರಾನು ಎಷ್ಟು ಸಲ ಒಂದನ್ನು ಬಿಟ್ಟು ಇನ್ನೊಂದನ್ನು ಸೇರುತ್ತದೆ ಎಂದು ನಾವಿಬ್ಬರೂ ಮೂರು ವರ್ಷ ಬೇರೆಬೇರೆ ಯಂತ್ರಗಳಲ್ಲಿ ಅಳೆದೆವು. ಸರಿಯಾದ ಉತ್ತರ ಮಾತ್ರ ನಿನಗೊಬ್ಬಳಿಗೇ ಸಿಕ್ಕಿತು, ಅದೂ ಜರ್ಮನಿಗೆ ಹೋದ ಮೇಲೆ. ನನಗೆ ಹೊಟ್ಟೆ ಉರಿಯಿತು.

ಇಲ್ಲಿ ನಿನ್ನ ಅಂಕಿಗಳು ತಪ್ಪಿದ್ದು ಅನಿಲದ ಒತ್ತಡದ ಮಾಪಕ ಕೆಟ್ಟಿದ್ದರಿಂದ ಎಂದೂ ಬರೆದಿದ್ದೀಯ. ನೀನು ದೆಹಲಿ ಬಿಡುವ ಮೊದಲೇ ಅದು ನನಗೆ ಗೊತ್ತಿತ್ತು. "ಎಲ್ಲಿ ತಪ್ಪಾಗ್ತಿದೆ ಸುಧಾಕರ?" ಎಂದು ನೀನು ಅಳುತ್ತಾ ಕೇಳಿದಾಗ, ನಾನು "ಚಲೋ, ಚಾಯ್ ಕುಡಿಯೋಣ" ಎಂದಿದ್ದೆ.

"ಅಚ್ಛಾ, ಸುಧಾಕರ್, ನಿಮ್ಮ ಹೆಸರೂ ಇದೆ!" ಎಂದು ಗೈಡ್ ಕೊನೆಯ ಸಾಲು ಓದಿದರು. ದಿನವೂ ಜೊತೆಗೆ ನಿಂತ ಗೆಳೆಯನಿಗೆ ಎಂದು ನೀನು ಕೃತಜ್ಞತೆ ಹೇಳಿದ್ದೀಯ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.